ಮೂರಡಿ ಸ್ಟೇಜಿಗೆ ಬಿಚ್ಚಿ ಕಟ್ಟುವ ರ‍್ಯಾಂಪ್: ನಮ್ಮ ಅನುಭವ

ವೀಲ್‌ಚೇರಿನ ಕಲಾವಿದರನ್ನು ನಾಲ್ಕು ಜನ ಎತ್ತಿ ಸ್ಟೇಜಿಗೇರಿಸುವ ಪದ್ಧತಿ ಮುಂಬಯಿಯ ನಮ್ಮ ಕನ್ನಡ ಯಕ್ಷಗಾನ ತಂಡಗಳಲ್ಲಿ ನಿಲ್ಲಲೇಬೇಕು. ವೇಷ ಕಟ್ಟಿದ ಮೇಲೆ ಎತ್ತಿದರೆ ಕಿರೀಟ ವಾಲುತ್ತದೆ, ಪಾತ್ರಧಾರಿಯ ಮರ್ಯಾದೆಯೂ ಹೋಗುತ್ತದೆ. "ಬಾಡಿಗೆ ಹಾಲ್‌ನಲ್ಲಿ 36 ಅಡಿ ಉದ್ದದ ಇಳಿಜಾರು ಎಲ್ಲಿ ಹಾಕ್ತೀರಿ ಮಾರಾಯ್ರೆ?" ಎಂದವರೇ ಈಗ ನಮ್ಮ ರ‍್ಯಾಂಪ್ ಕೇಳಿ ಒಯ್ಯುತ್ತಿದ್ದಾರೆ.

ಲೆಕ್ಕ 1:12, ಅಂದರೆ ಒಂದು ಅಡಿ ಏರಲು 12 ಅಡಿ ಉದ್ದ; 3 ಅಡಿ ಸ್ಟೇಜಿಗೆ 36 ಅಡಿ. ನಾವು ಮೊದಲು ಅಂಗಡಿಯಿಂದ ತಂದ ಮಡಚುವ ಅಲ್ಯುಮಿನಿಯಂ ರ‍್ಯಾಂಪ್ 7 ಅಡಿಯದು. 3 ಅಡಿ ಎತ್ತರಕ್ಕೆ ಒರಗಿಸಿದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಅದಕ್ಕೆ ಸುರಿದ ಹದಿನೆಂಟು ಸಾವಿರ ಹೋಯಿತು.

ಈಗಿನದು 4 ಅಡಿ ಚೌಕದ ಒಂಬತ್ತು ತುಂಡು, ಒಂದೊಂದು 4 ಇಂಚು ಏರುತ್ತದೆ. ಮೂರು ತುಂಡು ಗೋಡೆಯ ಕಡೆಗೆ, ಮೂಲೆಯಲ್ಲಿ ತಿರುಗಲು 5 ಅಡಿ ಚೌಕದ ಕಟ್ಟೆ, ಉಳಿದ ಆರು ಗೋಡೆಗುಂಟ ಸ್ಟೇಜಿನ ಪಕ್ಕದ ಬಾಗಿಲಿಗೆ. ಕೊನೆಯ ತುಂಡು ಅಲ್ಲಿನ ಮೆಟ್ಟಿಲ ಮೇಲೆ ಕೂರಬೇಕು, ಹಾಗಾಗಿ ಅದರ ಕಾಲುಗಳಿಗೆ ತಿರುಗಿಸಿ ಎತ್ತರ ಹೊಂದಿಸುವ ಜಾಕ್ ಬೋಲ್ಟ್ ಬೇಕೇ ಬೇಕು. ಬಾಗಿಲನ್ನು ಮೊದಲೇ ಅಳೆಯಿರಿ. 28 ಇಂಚಿದ್ದರೆ ಕುರ್ಚಿ ಹೋದರೂ ಮೊಣಕೈ ಉಜ್ಜುತ್ತದೆ. ಬಾಗಿಲನ್ನೇ ಕೀಲಿನಿಂದ ಕಳಚಿದರೆ ಒಂದೂವರೆ ಇಂಚು ಸಿಗುತ್ತದೆ.

ರೇ ರೋಡಿನ ಮರದ ಪೇಟೆಯಿಂದ 18 ಎಂಎಂ ಪ್ಲೈವುಡ್ ಆರು ಶೀಟು, ಕೆಳಗೆ 40 ಎಂಎಂ ಬಾಕ್ಸ್ ಪೈಪಿನ ಫ್ರೇಮು. ಹಲಗೆ ಬೇರೆ, ಫ್ರೇಮು ಬೇರೆ ಇಟ್ಟರೆ ಒಬ್ಬರೇ ಹೊರಬಹುದು. ವೆಲ್ಡಿಂಗ್, ಹಿಡಿದುಕೊಳ್ಳುವ ಕಂಬಿ ಸೇರಿ ಹೆಚ್ಚುಕಡಿಮೆ ನಲವತ್ತೆರಡು ಸಾವಿರ ರೂಪಾಯಿ ಆಯಿತು. ಡೊಂಬಿವಲಿಯಿಂದ ಮಾಟುಂಗಾಕ್ಕೆ ಟೆಂಪೋ ಎರಡೂವರೆ ಸಾವಿರ ಬೇರೆ. ಹಾಲ್‌ನವರು ಬೀಗ ತೆಗೆಯುವುದು ಸಮಯಕ್ಕೆ ಸರಿಯಾಗಿಯೇ, ಮುಂಚೆ ಅಲ್ಲ, ಹಾಗಾಗಿ ಬೇಗ ಕಟ್ಟಬೇಕು. ಕೈ ಪಳಗಿದ ನಾಲ್ವರಿದ್ದರೆ ಅರ್ಧ ಗಂಟೆಯಲ್ಲಿ ಕಟ್ಟಿ ಮುಗಿಯುತ್ತದೆ.

ಕೈಕೊಡುವುದು ಜೋಡಣೆಯಲ್ಲಿ. ಎರಡು ತುಂಡಿನ ನಡುವೆ ಅರ್ಧ ಇಂಚು ಸಂದಿ ಬಿಟ್ಟರೂ ಮುಂದಿನ ಸಣ್ಣ ಗಾಲಿ ಅಲ್ಲಿ ತಡೆಯಬಹುದು, ಕೂತವರು ಮುಂದಕ್ಕೆ ಮುಗ್ಗರಿಸಬಹುದು. ಪ್ರತಿ ಸಂದಿಯ ಮೇಲೆ 3 ಎಂಎಂ ಅಲ್ಯುಮಿನಿಯಂ ಪಟ್ಟಿ ಹಾಕಿ, ಮೇಲಿನ ಅಂಚಿಗೆ ಮಾತ್ರ ಸ್ಕ್ರೂ ಹೊಡೆಯಿರಿ. ಇಬ್ಬದಿಗೂ 2 ಇಂಚಿನ ಅಂಚುಪಟ್ಟಿ ಬೇಕು. ರಬ್ಬರ್ ಮ್ಯಾಟ್ ಮಾತ್ರ ಬೇಡ, ನಮ್ಮ ಸೆಕೆಗೆ ಅಂಟು ಬಿಟ್ಟು ಸುಕ್ಕಾಗುತ್ತದೆ. ಪೇಂಟಿಗೆ ಜರಡಿ ಹಿಡಿದ ಮರಳು ಬೆರೆಸಿ ಬಳಿದದ್ದು ಇವತ್ತಿಗೂ ಜಾರಿಲ್ಲ. ಗಾಲಿ ಉರುಳುವಾಗ ಹಲಗೆ ಚಂಡೆಯಂತೆ ಗುಡುಗುತ್ತದೆ. ಪೈಪಿಗೂ ಹಲಗೆಗೂ ನಡುವೆ ಹಳೆಯ ಸೈಕಲ್ ಟ್ಯೂಬ್ ಇಟ್ಟರೆ ಅಡಗುತ್ತದೆ. ಸ್ಟೇಜಿಗೆ ಮೊಳೆ ಹೊಡೆಯದೆ ತುದಿಯನ್ನು ಕಚ್ಚಿಸುವ ಕೊಕ್ಕೆಯ ಅಳತೆ ಇಲ್ಲಿ ಬರೆಯುವುದಿಲ್ಲ. ಕಟ್ಟುವಾಗ ಬಂದವರಿಗೆ ತೋರಿಸುತ್ತೇವೆ.

ಜೊತೆಗೆ ಇನ್ನೆರಡು ಪ್ರಯೋಗ ನಡೆದವು. ಕಣ್ಣು ಕಾಣದ ನಟರಿಗಾಗಿ ಸ್ಟೇಜಿನ ಮುಂದಂಚಿಗಿಂತ 2 ಅಡಿ ಹಿಂದೆ, ಟೇಪಿನ ಕೆಳಗೆ 5 ಎಂಎಂ ಹಗ್ಗ ಎಳೆದೆವು. ಬರಿಗಾಲಿಗೆ ತಕ್ಷಣ ತಿಳಿಯುತ್ತದೆ. ಚಪ್ಪಲಿ ಹಾಕುವ ಪಾತ್ರವಾದರೆ ಎರಡು ಹಗ್ಗ ಒತ್ತಾಗಿ ಬೇಕು. ಕಿವಿ ಕೇಳದ ಕುಣಿತಗಾರರಿಗೆ ಚಂಡೆಯನ್ನು ಅವರು ಕುಣಿಯುವ ಮರದ ಹಲಗೆಯ ಮೇಲೆಯೇ ಇಡಿಸಿದರೆ ಪೆಟ್ಟು ಪಾದಕ್ಕೆ ತಲುಪುತ್ತದೆ. ಸಿಮೆಂಟ್ ನೆಲಕ್ಕೆ ಕಾರ್ಪೆಟ್ ಹಾಸಿದಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ತಾಳದ ಸನ್ನೆಗಾಗಿ ವಿಂಗಿನಲ್ಲಿ, ಅಂದರೆ ಸ್ಟೇಜಿನ ಪಕ್ಕದ ಮರೆಯಲ್ಲಿ, ಒಂದು ಕೆಂಪು ಎಲ್‌ಇಡಿ ದೀಪ, ಅದರ ಸ್ವಿಚ್ಚು ಭಾಗವತರ ಪಕ್ಕದಲ್ಲಿ ಕೂತವರ ಕೈಗೆ. ಭಾಗವತರಿಗೇ ಕೊಟ್ಟರೆ ತಾಳ ಬಿಟ್ಟು ಸ್ವಿಚ್ಚು ಒತ್ತಲು ಆಗುವುದಿಲ್ಲ.

ಜೂನಿಗೆ ಮೊದಲು ಹಲಗೆಯ ಕೊಯ್ದ ಅಂಚುಗಳಿಗೆ ಎರಡು ಕೋಟ್ ಪೇಂಟ್ ಕೊಡಿ. ನೀರು ಕುಡಿಯುವುದು ಅಲ್ಲಿಂದಲೇ, ಉಬ್ಬಿದರೆ ಬೋಲ್ಟಿನ ತೂತುಗಳು ಒಂದಕ್ಕೊಂದು ಕೂರುವುದಿಲ್ಲ.