ಹಳೇ ಹಾರ್ಡ್ ಡಿಸ್ಕ್‌ನಿಂದ ಹೊಸ ಎಸ್‌ಎಸ್‌ಡಿಗೆ: ಕಾಸು ಖರ್ಚಿಲ್ಲದೆ ಕ್ಲೋನ್ ಮಾಡುವುದು ಹೇಗೆ?

ಲ್ಯಾಪ್‌ಟಾಪ್ ಆನ್ ಆಗುವಷ್ಟರಲ್ಲಿ ಕಾಫಿ ಕುಡಿದು ಮುಗಿಯುತ್ತದೆ ಎಂದರೆ ‘ಒಂದು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಡಿಸ್ಕ್) ಹಾಕ್ಸಿ’ ಎನ್ನುವವರೇ ಎಲ್ಲ. ಹಾಕಿಸುವುದು ಸುಲಭ. ಹಳೆಯದರಲ್ಲಿದ್ದ ವಿಂಡೋಸ್, ಸಾಫ್ಟ್‌ವೇರ್, ಫೈಲ್‌ಗಳನ್ನು ಇದ್ದ ಹಾಗೇ ಹೊಸದಕ್ಕೆ ಸಾಗಿಸುವಾಗ, ಅಂದರೆ ಕ್ಲೋನ್ ಮಾಡುವಾಗ, ಜನ ಎಡವುತ್ತಾರೆ. ಖಾಲಿ ಡಿಸ್ಕನ್ನೇ ತುಂಬಿದ ಡಿಸ್ಕಿನ ಮೇಲೆ ಕ್ಲೋನ್ ಮಾಡಿ, ಮದುವೆ ಫೋಟೊ ಸಮೇತ ಎಲ್ಲ ಅಳಿಸಿಕೊಂಡವರನ್ನು ನೋಡಿದ್ದೇನೆ.

ಬೇಕಾಗುವುದು: ಹಳೆಯದಕ್ಕಿಂತ ಕಡಿಮೆ ಇಲ್ಲದ ಅಳತೆಯ ಎಸ್‌ಎಸ್‌ಡಿ, ಎಸ್‌ಎಸ್‌ಡಿಯ ಸಾಟಾ ಕನೆಕ್ಟರನ್ನು ಯುಎಸ್‌ಬಿಗೆ ಜೋಡಿಸುವ ಕೇಬಲ್, ಒಂದು ಪೆನ್‌ಡ್ರೈವ್, ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಐನೂರು ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ಎಂಬ ಜಾಹೀರಾತು ಕಂಡರೆ ಮುಂದೆ ಹೋಗಿ. ಅದರಲ್ಲಿ ಅಷ್ಟು ಜಾಗ ಇರುವುದಿಲ್ಲ, ತೋರಿಸುವುದು ಮಾತ್ರ.

1. ಮೊದಲು ಎಕ್ಸ್‌ಟರ್ನಲ್ ಡಿಸ್ಕಿಗೆ ಫೈಲ್ ಬ್ಯಾಕಪ್. ಕ್ಲೋನ್ ಮಾಡ್ತೀನಲ್ಲ, ಬ್ಯಾಕಪ್ ಯಾಕೆ ಅನ್ನಬೇಡಿ. ಎಡವಟ್ಟಾದರೆ ಉಳಿಯುವುದು ಇದೊಂದೇ. ಫ್ರೀಫೈಲ್‌ಸಿಂಕ್ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಅದರಲ್ಲಿ ‘ಮಿರರ್’ ಬದಲು ‘ಅಪ್‌ಡೇಟ್’ ಆರಿಸಿ. ಮಿರರ್‌ನಲ್ಲಿ ಇತ್ತ ಅಳಿಸಿದ್ದು ಅತ್ತಲೂ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಅಷ್ಟೇ ಕಾಪಿ ಮಾಡಿ ಕೂರಬೇಡಿ. ಟ್ಯಾಲಿ ಬಳಸುವವರ ಲೆಕ್ಕ ಸಾಮಾನ್ಯವಾಗಿ ಬೇರೆ ಫೋಲ್ಡರ್‌ನಲ್ಲಿರುತ್ತದೆ. ಹಳೇ ನುಡಿ, ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ್ದಿದ್ದರೆ ಆ ಫಾಂಟ್‌ಗಳನ್ನೂ ಎತ್ತಿಟ್ಟುಕೊಳ್ಳಿ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನಿಮ್ಮ ಕನ್ನಡವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರವಾಗಿ ಕಾಣುತ್ತದೆ.

2. ವಿಂಡೋಸ್‌ನ ಬೀಗ ತೆಗೆಯಿರಿ. ಸೆಟ್ಟಿಂಗ್ಸ್‌ನಲ್ಲಿ ‘ಡಿವೈಸ್ ಎನ್‌ಕ್ರಿಪ್ಶನ್’ ಅಥವಾ ಬಿಟ್‌ಲಾಕರ್ ಆನ್ ಆಗಿದೆಯಾ ನೋಡಿ. ಆಗಿದ್ದರೆ ರಿಕವರಿ ಕೀ ಬರೆದಿಟ್ಟುಕೊಂಡು ಆಫ್ ಮಾಡಿ, ಡಿಕ್ರಿಪ್ಟ್ ಮುಗಿಯುವವರೆಗೆ ಕಾಯಿರಿ. ಆಮೇಲೆ ಶಿಫ್ಟ್ ಕೀ ಒತ್ತಿಕೊಂಡೇ ಶಟ್ ಡೌನ್ ಮಾಡಿ. ಸುಮ್ನೆ ಶಟ್ ಡೌನ್ ಕೊಟ್ಟರೆ ಫಾಸ್ಟ್ ಸ್ಟಾರ್ಟಪ್‌ನಿಂದಾಗಿ ವಿಂಡೋಸ್ ಅರೆನಿದ್ದೆಯಲ್ಲೇ ಇರುತ್ತದೆ, ಕ್ಲೋನ್ ಮಾಡುವಾಗ ತಕರಾರು ತೆಗೆಯುತ್ತದೆ.

3. ಪೆನ್‌ಡ್ರೈವ್ ಸಿದ್ಧ ಮಾಡಿ. ಬೇರೆ ಕಂಪ್ಯೂಟರ್ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಮೇಲಿನ ಶಟ್ ಡೌನ್‌ಗೆ ಮೊದಲೇ ಇದರಲ್ಲಿ ಕ್ಲೋನ್ ಮಾಡುವ ಉಚಿತ ಸಾಫ್ಟ್‌ವೇರ್ ರೆಸ್ಕ್ಯೂಜಿಲ್ಲಾದ ಐಎಸ್‌ಒ ಫೈಲ್ ಇಳಿಸಿಕೊಂಡು, ಬಲೇನಾ ಎಚರ್ ಎಂಬ ಸಾಫ್ಟ್‌ವೇರ್‌ನಿಂದ ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ.

ಕ್ಲೋನ್‌ಜಿಲ್ಲಾ ಕೂಡ ಉಚಿತ, ಗಟ್ಟಿ ಆಸಾಮಿ. ಆದರೆ ಅದರ ನೀಲಿ ಪರದೆ, ಮತ್ತೆ ಮತ್ತೆ ಕೇಳುವ ವೈ–ಎನ್ ಪ್ರಶ್ನೆ ಮೊದಲ ಸಲ ಮಾಡುವವರಿಗೆ ಬೇಡ. ರೆಸ್ಕ್ಯೂಜಿಲ್ಲಾದಲ್ಲಿ ಮೌಸ್ ಇದ್ದರೆ ಸಾಕು. ಇನ್ನು ಮ್ಯಾಕ್ರಿಯಂ ರಿಫ್ಲೆಕ್ಟ್ ಎಂಬ ಕ್ಲೋನ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿಗೆ ಬೆಂಬಲ 2024ರ ಜನವರಿಗೇ ನಿಂತಿತು. ಹಳೇ ವಿಡಿಯೊ ನೋಡಿ ಅದನ್ನು ಹುಡುಕುತ್ತಾ ಯಾವುದೋ ಸೈಟಿನ ಕ್ರ್ಯಾಕ್ ಇಳಿಸಬೇಡಿ.

4. ಕ್ಲೋನ್: ನಿಧಾನವಾಗಿ ಮಾಡಬೇಕಾದ ಕೆಲಸ. ಎಸ್‌ಎಸ್‌ಡಿಯನ್ನು ಕೇಬಲ್‌ನಲ್ಲಿ ಸಿಕ್ಕಿಸಿ. ಬ್ಯಾಕಪ್ ಇರುವ ಎಕ್ಸ್‌ಟರ್ನಲ್ ಡಿಸ್ಕನ್ನು ಕಿತ್ತಿಡಿ. ಪರದೆಯಲ್ಲಿ ಡಿಸ್ಕ್ ಕಡಿಮೆ ಕಂಡಷ್ಟೂ ಗೊಂದಲ ಕಮ್ಮಿ. ಚಾರ್ಜರ್ ಹಾಕಿಡಿ. ಕಂಪ್ಯೂಟರ್ ಆನ್ ಮಾಡುತ್ತಾ, ಯಾವುದರಿಂದ ಶುರುವಾಗಬೇಕು ಎಂದು ಆರಿಸುವ ಬೂಟ್ ಮೆನುವಿನ ಕೀ ಒತ್ತಿ (ಡೆಲ್, ಲೆನೊವೊಗೆ ಎಫ್12, ಎಚ್‌ಪಿಗೆ ಎಫ್9). ಪೆನ್‌ಡ್ರೈವ್ ಆರಿಸಿ. ತೆರೆಯುವ ಕಿಟಕಿಯಲ್ಲಿ ‘ಕ್ಲೋನ್’ ಒತ್ತಿ.

ಮೊದಲು ಸೋರ್ಸ್ ಕೇಳುತ್ತದೆ, ಆಮೇಲೆ ಡೆಸ್ಟಿನೇಷನ್. ಸೋರ್ಸ್ ಎಂದರೆ ತುಂಬಿದ ಹಳೇ ಡಿಸ್ಕ್, ಡೆಸ್ಟಿನೇಷನ್ ಎಂದರೆ ಖಾಲಿ ಹೊಸದು. ಹೆಸರು ನೋಡಿ ನಿರ್ಧರಿಸಬೇಡಿ. ಯುಎಸ್‌ಬಿ ಕೇಬಲ್‌ನಲ್ಲಿರುವ ಡಿಸ್ಕಿಗೆ ಕೆಲವೊಮ್ಮೆ ಕೇಬಲ್‌ನದ್ದೇ ಹೆಸರು ಬರುತ್ತದೆ. ಅಳತೆ ನೋಡಿ, ಮುಖ್ಯವಾಗಿ ಒಳಗಿನ ಪಾರ್ಟಿಷನ್ (ಡಿಸ್ಕನ್ನು ಹಂಚಿದ ಭಾಗಗಳು) ನೋಡಿ. ವಿಂಡೋಸ್ ಇರುವ ಡಿಸ್ಕಿನಲ್ಲಿ ಸಾಮಾನ್ಯವಾಗಿ ಮೂರು–ನಾಲ್ಕು ಪಾರ್ಟಿಷನ್ ಇರುತ್ತವೆ. ಹೊಸದು ಬರಿದಾಗಿರುತ್ತದೆ. ಎರಡೂ ಒಂದೇ ಅಳತೆಯಾಗಿದ್ದರೆ ಇದೊಂದೇ ದಾರಿ. ಅದಕ್ಕೇ ನಾನು 500 ಜಿಬಿ ಹಳೆಯದಕ್ಕೆ 1 ಟಿಬಿ ಹೊಸದು ಕೊಳ್ಳಿ ಎನ್ನುವುದು. ಗುರುತಿಸುವುದೂ ಸುಲಭ, ಜಾಗವೂ ಜಾಸ್ತಿ.

ಪಾರ್ಟಿಷನ್‌ಗಳಿಗೆಲ್ಲ ಟಿಕ್ ಇರಲಿ. ಚಿಕ್ಕದಿದೆ, ಏನಕ್ಕೋ ಎಂದು 100 ಎಂಬಿಯದನ್ನು ಬಿಟ್ಟರೆ ಕಂಪ್ಯೂಟರ್ ಬೂಟ್ ಆಗುವುದಿಲ್ಲ. ಕೊನೆಗೆ ಎಚ್ಚರಿಕೆ ಬರುತ್ತದೆ. ಯಾವ ಡಿಸ್ಕ್ ಅಳಿಯುತ್ತದೆ ಎಂದು ಅಲ್ಲಿ ಬರೆದಿರುತ್ತದೆ. ಮನೆಯವರನ್ನು ಕರೆದು ಜೋರಾಗಿ ಓದಿಸಿ, ಆಮೇಲೆ ‘ಯೆಸ್’ ಒತ್ತಿ. ಹಳೇ ಡಿಸ್ಕ್ ಆದರೆ ಗಂಟೆಗಟ್ಟಲೆ ಹಿಡಿಯಬಹುದು. ನಡುವೆ ಕೇಬಲ್ ಮುಟ್ಟಬೇಡಿ.

5. ಅದಲು ಬದಲು. ಕಂಪ್ಯೂಟರ್ ಆಫ್ ಮಾಡಿ, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ. ಮೊದಲ ಸಲ ಆನ್ ಮಾಡುವಾಗ ಹಳೆಯದು ಎಲ್ಲೂ ಸಿಕ್ಕಿಸಿರಬಾರದು. ಎರಡಕ್ಕೂ ಒಂದೇ ಗುರುತು ಇರುವುದರಿಂದ ವಿಂಡೋಸ್ ಗಲಿಬಿಲಿಗೊಳ್ಳುತ್ತದೆ.

ದೊಡ್ಡ ಎಸ್‌ಎಸ್‌ಡಿ ಹಾಕಿದರೂ ಸಿ ಡ್ರೈವ್ ಹಳೇ ಅಳತೆಯಲ್ಲೇ ಕಂಡರೆ ಗಾಬರಿ ಬೇಡ. ಸಿ ಪಕ್ಕದಲ್ಲಿ ರಿಕವರಿ ಪಾರ್ಟಿಷನ್ ಅಡ್ಡ ಕುಳಿತಿದ್ದರೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಏನೂ ಮಾಡದು. ಅದೇ ಪೆನ್‌ಡ್ರೈವ್‌ನಿಂದ ಮತ್ತೆ ಬೂಟ್ ಆಗಿ, ಅದರಲ್ಲೇ ಇರುವ ಪಾರ್ಟಿಷನ್ ಸರಿಸುವ ಸಾಫ್ಟ್‌ವೇರ್ ಜಿಪಾರ್ಟೆಡ್ ತೆರೆಯಿರಿ. ರಿಕವರಿಯನ್ನು ಕೊನೆಗೆ ಸರಿಸಿ, ಸಿ ಹಿಗ್ಗಿಸಿ, ಹಸಿರು ಟಿಕ್ ಒತ್ತಿ. ಆಫ್ ಮಾಡಿದ್ದ ಬಿಟ್‌ಲಾಕರನ್ನು ಈಗ ಮತ್ತೆ ಆನ್ ಮಾಡಬಹುದು. ಹಳೇ ಡಿಸ್ಕನ್ನು ಒಂದು ತಿಂಗಳಾದರೂ ಫಾರ್ಮ್ಯಾಟ್ ಮಾಡದೆ ಡ್ರಾಯರ್‌ನಲ್ಲಿಡಿ.