ಟಾಪರ್‌ಗಳನ್ನು ಕೈಬಿಟ್ಟ ಮೇಲೆ ನಮ್ಮ ಕಲಿಕಾ ಮೇಜು ತುಂಬಿತು

ಹಿರಿಯ ವಿದ್ಯಾರ್ಥಿಗಳು ಒಂದು ಮೇಜಿನ ಬಳಿ ಕುಳಿತು ಕಿರಿಯರಿಗೆ ಹೇಳಿಕೊಡುವ ಏರ್ಪಾಡು ನಮ್ಮಂಥ ತಾಂತ್ರಿಕ ಕಾಲೇಜಿನಲ್ಲಿ ನಿಲ್ಲುವುದಿಲ್ಲ ಎಂದು ಮೊದಲು ಹೇಳಿದವರು ನಮ್ಮ ವಿಭಾಗದವರೇ. ಎರಡು ವರ್ಷ ಅವರ ಮಾತೇ ಗೆದ್ದಿತು. ಮೂರನೇ ವರ್ಷ ಸರ್ಕ್ಯೂಟ್ಸ್ (ವಿದ್ಯುತ್ ಮಂಡಲಗಳ) ವಿಷಯದಲ್ಲಿ, 120 ಮಂದಿಯಲ್ಲಿ 50ರ ಆಸುಪಾಸಿನಲ್ಲಿದ್ದ ಅನುತ್ತೀರ್ಣರ ಸಂಖ್ಯೆ 20–22ಕ್ಕೆ ಇಳಿಯಿತು. ಆಮೇಲೆ ಅದೇ ವಿಭಾಗದವರು ತಮ್ಮ ವಿಷಯಕ್ಕೂ ಒಂದು ಮೇಜು ಹಾಕಿಕೊಡಿ ಎಂದು ಬಂದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷದ ಸೋಲನ್ನು ಮುಚ್ಚಿಡುವುದಿಲ್ಲ. ಅತಿ ಹೆಚ್ಚು ಅಂಕ ಪಡೆದ ಎಂಟು ಮಂದಿಯನ್ನು ಹೇಳಿಕೊಡುವ ಟ್ಯೂಟರ್‌ಗಳಾಗಿ ಆರಿಸಿದೆ. ಗ್ರಂಥಾಲಯದ ಮೂಲೆಯ ಕೋಣೆ ಹಿಡಿದೆ. ಬಾಗಿಲಿಗೆ ‘ಹಿಂದುಳಿದ ವಿದ್ಯಾರ್ಥಿಗಳಿಗೆ ನೆರವು’ ಎಂದು ಹಲಗೆ ತೂಗುಹಾಕಿದೆ. ಆ ಹಲಗೆಯೇ ಬಾಗಿಲಿಗೆ ಬೀಗವಾಯಿತು. ಸಹಪಾಠಿಗಳ ಕಣ್ಣೆದುರು ಅಂಥ ಬಾಗಿಲನ್ನು ದಾಟಲು ಯಾರಿಗೆ ಮನಸ್ಸು ಬರುತ್ತದೆ? ಟ್ಯೂಟರ್‌ಗಳಿಗೆ ಗಂಟೆ ಲೆಕ್ಕದಲ್ಲಿ ಗೌರವಧನ ನಿಗದಿಯಾಗಿತ್ತು. ಬಂದವರಿರಲಿ ಇಲ್ಲದಿರಲಿ, ಗಂಟೆ ಓಡುತ್ತಿತ್ತು. ವರ್ಷದ ಹಣದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಖಾಲಿ ಕುರ್ಚಿ ಕಾಯುವುದಕ್ಕೇ ಹೋಯಿತು. ಪರೀಕ್ಷೆ ಹತ್ತಿರವಾಗಿ ನಾಲ್ಕು ಮಂದಿ ಬರತೊಡಗಿದಾಗ ಕೊಡಲು ಹಣವೇ ಉಳಿದಿರಲಿಲ್ಲ.

ಬಂದ ಕೆಲವರಿಗಾದರೂ ಪ್ರಯೋಜನವಾಯಿತೇ ಎಂದರೆ, ಅದೂ ಇಲ್ಲ. ಟಾಪರ್ ಲೆಕ್ಕವನ್ನು ಸರಸರನೆ ಬಿಡಿಸಿಬಿಡುತ್ತಿದ್ದ. ಕಿರಿಯ ತಲೆಯಾಡಿಸಿ ‘ಗೊತ್ತಾಯಿತು’ ಎಂದು ಎದ್ದು ಹೋಗಿ, ಮರುದಿನ ಅದೇ ಮೊದಲ ಹೆಜ್ಜೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದ. ಎಂದೂ ಎಡವದವನಿಗೆ ಇನ್ನೊಬ್ಬ ಎಲ್ಲಿ ಎಡವುತ್ತಾನೆ ಎಂಬುದು ಕಾಣುವುದೇ ಇಲ್ಲ.

ಎರಡನೇ ವರ್ಷ ಹಣವನ್ನು ಕಂಪ್ಯೂಟರ್‌ಗಳಿಗೆ ಮತ್ತು ಪಾಠಗಳ ವಿಡಿಯೊ ಚಿತ್ರೀಕರಣಕ್ಕೆ ಸುರಿದೆ. ಮೂವತ್ತಕ್ಕೂ ಹೆಚ್ಚು ವಿಡಿಯೊಗಳಾದವು. ಪರೀಕ್ಷೆಯ ಹಿಂದಿನ ರಾತ್ರಿ ಬಿಟ್ಟರೆ ಅವುಗಳನ್ನು ನೋಡುವವರೇ ಇರಲಿಲ್ಲ. ಅದೇ ಹಣದಲ್ಲಿ ಹತ್ತು ಮಲ್ಟಿಮೀಟರ್ (ವೋಲ್ಟೇಜ್ ಅಳೆಯುವ ಉಪಕರಣ), ನಾಲ್ಕು ಬಿಳಿ ಹಲಗೆ ಕೊಂಡಿದ್ದರೆ ಒಂದು ವರ್ಷ ಉಳಿಯುತ್ತಿತ್ತು ಎಂಬ ಸಂಕಟ ಈಗಲೂ ಇದೆ.

ದಾರಿ ತೋರಿಸಿದ್ದು ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ಕ್ಯಾಂಪಸ್ಸಿನಲ್ಲಿ 1973ರಲ್ಲಿ ಡಿಯಾನಾ ಮಾರ್ಟಿನ್ ಆರಂಭಿಸಿದ ಪದ್ಧತಿ ಅದು. ಅಲ್ಲಿ ಗುರುತಿಸುವುದು ಕಷ್ಟದ ವಿಷಯವನ್ನು, ಕಷ್ಟಪಡುವ ವಿದ್ಯಾರ್ಥಿಯನ್ನಲ್ಲ. ಹಾಗಾಗಿ ಹಲಗೆ ಕಿತ್ತೆ. ಮೇಜಿಗೆ ‘ಸರ್ಕ್ಯೂಟ್ಸ್’ ಎಂದಷ್ಟೇ ಹೆಸರಿಟ್ಟೆ. ಗ್ರಂಥಾಲಯದಿಂದ ಅದನ್ನು ಎತ್ತಿಸಿ ಪ್ರಯೋಗಾಲಯದ ಬಾಗಿಲ ಎದುರಿಗೇ ತಂದು ಹಾಕಿಸಿದೆ. ಪ್ರಯೋಗ ಕೈಕೊಟ್ಟು ಹೊರಬರುವ ಹುಡುಗನಿಗೆ ಸಂದೇಹ ಆಗ ಬಿಸಿಯಾಗಿರುತ್ತದೆ. ಸಂಜೆಗೆ ಅದು ಆರಿಹೋಗಿರುತ್ತದೆ. ಟ್ಯೂಟರ್‌ಗಳು ಅದೇ ತರಗತಿಯಲ್ಲಿ ಮತ್ತೊಮ್ಮೆ ಕುಳಿತು ಟಿಪ್ಪಣಿ ಬರೆದುಕೊಳ್ಳಬೇಕು ಎಂಬ ಆ ಪದ್ಧತಿಯ ನಿಯಮವನ್ನೂ ಹಾಗೆಯೇ ಎತ್ತಿಕೊಂಡೆ.

ಆದರೆ ಟ್ಯೂಟರ್‌ಗಳ ಆಯ್ಕೆ ನನ್ನದೇ. ಈ ವಿಷಯದಲ್ಲಿ ಒಮ್ಮೆ ಮುಗ್ಗರಿಸಿ, ಎರಡನೇ ಸಲ ಚೆನ್ನಾಗಿ ಪಾಸಾದವರನ್ನೇ ಹೆಚ್ಚಾಗಿ ಆರಿಸಿದೆ. ‘ಫೇಲಾದವರಿಂದ ಪಾಠವೇ?’ ಎಂದು ಮೇಲಿನವರು ಹುಬ್ಬೇರಿಸಿದರು. ನಾನು ಜಗ್ಗಲಿಲ್ಲ. ಆಯ್ಕೆಯ ಸಂದರ್ಶನದಲ್ಲಿ ಕೇಳುವ ಒಂದು ಪ್ರಶ್ನೆ ನನ್ನ ಬಳಿ ಇದೆ. ಅದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ, ಉತ್ತರ ಸಿದ್ಧಮಾಡಿಕೊಂಡು ಬಂದರೆ ಅದು ಕೆಲಸಕ್ಕೆ ಬಾರದಂತಾಗುತ್ತದೆ.

ಒಂದು ಮಧ್ಯಾಹ್ನ ನಾನು ಪಕ್ಕದಲ್ಲೇ ನಿಂತು ನೋಡಿದ್ದು. ಒಬ್ಬ ಹುಡುಗ, ಬೆಸುಗೆ ಇಲ್ಲದೆ ಸರ್ಕ್ಯೂಟ್ ಜೋಡಿಸುವ ರಂಧ್ರಗಳ ಹಲಗೆಯಾದ ಬ್ರೆಡ್‌ಬೋರ್ಡ್ ಹಿಡಿದು ಬಂದ. ವೈರಿಂಗ್ ಎಲ್ಲ ಸರಿ, ಆದರೆ ಅದರ ಮೇಲಿನ ಚಿಪ್‌ಗೆ, ಅಂದರೆ ಐಸಿಗೆ, ಜೀವವಿಲ್ಲ. ಮೂರು ಐಸಿ ಬದಲಿಸಿ ನೋಡಿದ್ದನಂತೆ. ಟ್ಯೂಟರ್ ಹುಡುಗಿ ಬೋರ್ಡನ್ನು ಮುಟ್ಟಲೇ ಇಲ್ಲ. ಮಲ್ಟಿಮೀಟರ್ ಅವನ ಕೈಗೆ ಕೊಟ್ಟು, ‘ಕೆಂಪು ಗೆರೆಯ ಎಡತುದಿಯಲ್ಲಿ ಎಷ್ಟಿದೆ ನೋಡು’ ಎಂದಳು. 5 ವೋಲ್ಟ್. ‘ಬಲತುದಿಯಲ್ಲಿ?’ ಸೊನ್ನೆ. ಅವನು ಬೋರ್ಡನ್ನು ಕಣ್ಣಿಗೆ ಹತ್ತಿರ ಹಿಡಿದ. ವಿದ್ಯುತ್ ಹರಿಯುವ ಸಾಲನ್ನು ತೋರಿಸುವ ಆ ಕೆಂಪು ಗೆರೆ ನಡುವೆ ಬೆರಳಗಲ ತುಂಡಾಗಿತ್ತು. ಅಂಥ ಬೋರ್ಡುಗಳಲ್ಲಿ ಒಳಗಿನ ಲೋಹದ ಪಟ್ಟಿಯೂ ಅಲ್ಲೇ ತುಂಡಾಗಿರುತ್ತದೆ. ಒಂದು ತುಂಡು ತಂತಿ ಸಿಕ್ಕಿಸಿದ, ಐಸಿ ಕೆಲಸ ಮಾಡಿತು. ‘ನಾನು ಇದಕ್ಕೇ ಎರಡು ಪ್ರಯೋಗ ಕಳೆದುಕೊಂಡಿದ್ದೆ’ ಎಂದಳು ಅವಳು. ಟಾಪರ್‌ ಆಗಿದ್ದರೆ ತಂತಿಯನ್ನು ತಾನೇ ಸಿಕ್ಕಿಸಿ ಕಳಿಸುತ್ತಿದ್ದ.

ಅಂದಿನಿಂದ ಉಪಕರಣ, ಪೆನ್ನು ಎರಡೂ ಕಲಿಯುವವನ ಕೈಯಲ್ಲೇ ಇರಬೇಕು ಎಂದು ಕಟ್ಟುನಿಟ್ಟು ಮಾಡಿದೆ. ಗೌರವಧನದ ಲೆಕ್ಕವನ್ನೂ ಬದಲಿಸಿದೆ. ಈಗ ಕೊಡುವುದು ಬರೀ ಕುಳಿತ ಗಂಟೆಗಲ್ಲ. ವಾರಕ್ಕೆ ಎರಡು ನಿಗದಿತ ಅವಧಿ, ಒಂದು ತಯಾರಿ, ಜೊತೆಗೆ ಸಂದೇಹಗಳ ಪುಸ್ತಕ ಬರೆದದ್ದಕ್ಕೆ. ಖರ್ಚು ಮೊದಲ ವರ್ಷದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆ ಪುಸ್ತಕವನ್ನು ಹೇಗೆ ಬರೆಸುತ್ತೇನೆ ಎಂಬುದನ್ನು ಬಂದು ನೋಡಿದವರಿಗೆ ಮಾತ್ರ ತೋರಿಸುತ್ತೇನೆ.

ನಡುವೆ ಇಂಜಿನಿಯರಿಂಗ್ ಡ್ರಾಯಿಂಗ್‌ಗೂ ಕೈಹಾಕಿದೆ. ಸಾಬೂನಿನ ಬಿಲ್ಲೆಯನ್ನು ಕತ್ತರಿಸಿ ಆಕೃತಿ ಮಾಡಿ, ಅದರ ಮುಂಭಾಗದ ನೋಟ, ಮೇಲಿನಿಂದ ಕಾಣುವ ನೋಟ ಬಿಡಿಸಿ ಎಂದೆ. ಅಡ್ಡ ಕೊಯ್ದ ಮುಖದ ಆಕಾರ ಕಾಗದದ ಮೇಲೆ ಹೊಳೆಯದವರಿಗೂ ಸಾಬೂನಿನಲ್ಲಿ ಹೊಳೆಯಿತು. ರಾತ್ರಿ ಸಂದೇಹಗಳಿಗೆಂದು ಮಾಡಿದ ವಾಟ್ಸ್ಆ್ಯಪ್ ಗುಂಪನ್ನು ಮಾತ್ರ ಮೂರೇ ವಾರದಲ್ಲಿ ಮುಚ್ಚಿದೆ. ಅಲ್ಲಿ ಸಂದೇಹಕ್ಕಿಂತ ಬಿಡಿಸಿದ ಅಸೈನ್‌ಮೆಂಟ್‌ಗಳ ಫೋಟೊಗಳೇ ಹೆಚ್ಚಾಗಿದ್ದವು.

ಇನ್ನೂ ಕೈಗೆ ಸಿಗದವರೆಂದರೆ ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೇ ವರ್ಷಕ್ಕೆ ಸೇರುವವರು. ಬೆಸುಗೆ, ವೈರಿಂಗ್ ಅವರಿಗೆ ಸಲೀಸು. ಕ್ಯಾಲ್ಕುಲಸ್ ಎಂದರೆ ಕಂಗೆಡುತ್ತಾರೆ. ಈ ಸೆಮಿಸ್ಟರಿನಲ್ಲಿ ಅವರಲ್ಲಿ ಆರು ಮಂದಿಯನ್ನು ಪ್ರಯೋಗಾಲಯದ ಮೇಜಿಗೆ ಟ್ಯೂಟರ್‌ಗಳಾಗಿ ಕೂರಿಸಿದ್ದೇನೆ. ಅವರು ವೈರಿಂಗ್ ಹೇಳಿಕೊಡುತ್ತಾರೆ, ಅದೇ ಮೇಜಿನಲ್ಲಿ ಗಣಿತ ಹೇಳಿಸಿಕೊಳ್ಳುತ್ತಾರೆ. ಮೊದಲ ಎರಡು ವಾರ ಇಬ್ಬರು ಬರಲಿಲ್ಲ. ಕಳೆದ ವಾರ ಆರೂ ಮಂದಿ ಬಂದಿದ್ದರು.