ಅಡಿಕೆಗೆ ಬಿಡುವ ಮೈಲುತುತ್ತಿನಲ್ಲಿ ತಾಮ್ರದ ಅಶ್ವತ್ಥ ಎಲೆ: ನನ್ನ ಅನುಭವ

ಕೃಷಿ ಅಂಗಡಿಯ ಮೈಲುತುತ್ತಿನಿಂದ (ತಾಮ್ರದ ಸಲ್ಫೇಟ್) ಎಲೆಕ್ಟ್ರೋಫಾರ್ಮಿಂಗ್, ಅಂದರೆ ಕರೆಂಟು ಹರಿಸಿ ಎಲೆಯಂಥ ವಸ್ತುವಿನ ಮೇಲೆ ತಾಮ್ರದ ಪದರ ಕೂರಿಸುವ ಕೆಲಸ, ಆಗುವುದಿಲ್ಲ ಎಂದು ನನಗೆ ಖಡಾಖಂಡಿತವಾಗಿ ಹೇಳಿದವರು ಹಲವರಿದ್ದಾರೆ. ಮಂಗಳೂರಿನ ಬೈಕಂಪಾಡಿಯಲ್ಲಿ ಪ್ಲೇಟಿಂಗ್ (ಲೋಹ ಲೇಪನ) ಶೆಡ್ ನಡೆಸುವ ಹಿರಿಯರೊಬ್ಬರು, "ಅದು ಅಡಿಕೆಗೆ ಬಿಡುವ ಮದ್ದು ಮಾರಾಯರೇ, ಅದರಲ್ಲಿ ಒಡವೆ ಮಾಡುವುದುಂಟಾ?" ಎಂದು ಕೇಳಿ ಚಹಾ ಕುಡಿಸಿ ಕಳುಹಿಸಿದರು. ಪರಿಚಯದ ರಸಾಯನಶಾಸ್ತ್ರ ಉಪನ್ಯಾಸಕರು ಕಬ್ಬಿಣದ ಅಂಶ, ಮಣ್ಣು, ಕಸ ಎಂದು ದೊಡ್ಡ ಪಟ್ಟಿಯನ್ನೇ ಕೊಟ್ಟರು. ಉಡುಪಿಯಲ್ಲಿ ನಮ್ಮ ಮನೆಯ ಒಡವೆಗಳನ್ನು ಮಾಡಿಕೊಡುವ ಆಚಾರ್ಯರಂತೂ ಗ್ರಾಫೈಟ್ ಬಳಿದ ಎಲೆಯ ಮೇಲೆ ತಾಮ್ರ ಕೂರುತ್ತದೆ ಎಂಬುದನ್ನೇ ಒಪ್ಪಲಿಲ್ಲ. ಈಗ ಅದೇ ಮೈಲುತುತ್ತಿನ ದ್ರಾವಣ ಎರಡನೆಯ ಮಳೆಗಾಲವನ್ನು ದಾಟಿದೆ. ಅದರಿಂದ ಹೊರಬಂದ ಎಲೆಗಳು ಮೂರು ಮನೆಗಳ ದೇವರ ಕೋಣೆಯಲ್ಲಿವೆ. ಆದ್ದರಿಂದ ಬರೆಯುತ್ತಿದ್ದೇನೆ.

ಪ್ರಯೋಗಾಲಯ ದರ್ಜೆಯ ತಾಮ್ರದ ಸಲ್ಫೇಟ್ ಅರ್ಧ ಕಿಲೋಗೆ ಐನೂರು ಆರುನೂರು ರೂಪಾಯಿ ಕೇಳುತ್ತಾರೆ. ಎಂಟು ಲೀಟರಿನ ತೊಟ್ಟಿಗೆ ಲೀಟರಿಗೆ 200 ಗ್ರಾಂ ಲೆಕ್ಕದಲ್ಲಿ 1.6 ಕಿಲೋ ಬೇಕು. ಆದರೆ ನಮ್ಮ ಜಿಲ್ಲೆಯಲ್ಲಿ ಮೈಲುತುತ್ತಿಗೇನು ಬರ? ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡದ ಅಡಿಕೆ ತೋಟವನ್ನು ಇಲ್ಲಿ ಹುಡುಕಿ ತೆಗೆಯಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಶಾಲೆಗೆ ಹೋಗುವ ಮಕ್ಕಳ ಬಾಯಲ್ಲೂ ಇದೆ. ನಾನು ಕೊಂಡಾಗ ಕಿಲೋಗೆ ಮುನ್ನೂರರ ಆಸುಪಾಸು ಇತ್ತು.

ಅದನ್ನು ಹಾಗೆಯೇ ಬಾವಿ ನೀರಿಗೆ ಕರಗಿಸಿದ ಮೊದಲ ದ್ರಾವಣ ಕೈಕೊಟ್ಟಿತು. ತಾಮ್ರ ಕೂತಿತು, ಆದರೆ ಕಂದು ಪುಡಿಯಾಗಿ. ಬೆರಳಿನಿಂದ ಒರೆಸಿದರೆ ಕಪ್ಪು ಗ್ರಾಫೈಟ್ ಮತ್ತೆ ಕಾಣಿಸುತ್ತಿತ್ತು. ಆನೋಡಿನ (ಕರಗಿ ತಾಮ್ರ ಕೊಡುವ ಧನ ತುದಿಯ) ಮೇಲೆ ಬಿಳಿಯ ಪೊರೆ ಕಟ್ಟಿ ಕರೆಂಟು ತಾನಾಗಿಯೇ ಇಳಿಯುತ್ತಿತ್ತು. ಎಲ್ಲರೂ ಮೈಲುತುತ್ತನ್ನು ದೂರಿದರು. ನನಗೆ ಅನುಮಾನ ಬಂದದ್ದು ನೀರಿನ ಮೇಲೆ. ಕಡಲಿಗೆ ಹತ್ತಿರದ ನಮ್ಮ ಬಾವಿಯಲ್ಲಿ ಏಪ್ರಿಲ್ ಹೊತ್ತಿಗೆ ನೀರು ಸ್ವಲ್ಪ ಉಪ್ಪಾಗುತ್ತದೆ. ಈ ದ್ರಾವಣಕ್ಕೆ ಉಪ್ಪಿನಲ್ಲಿರುವ ಕ್ಲೋರೈಡ್ ಸ್ವಲ್ಪ ಬೇಕು, ಲೀಟರಿಗೆ 50-60 ಮಿಲಿಗ್ರಾಂ. ಅದರ ದುಪ್ಪಟ್ಟು ದಾಟಿದರೆ ಇದೇ ಬಿಳಿ ಪೊರೆಯ ತೊಂದರೆ.

ಹಾಗಾಗಿ ಮಳೆನೀರಿಗೆ ಬದಲಾಯಿಸಿದೆ. ಜೂನ್ ಮೊದಲ ವಾರದ ಮಳೆಯನ್ನು ಬಿಟ್ಟುಬಿಡಿ, ಅದರಲ್ಲಿ ಧೂಳು, ಹಂಚಿನ ಪಾಚಿ ಎಲ್ಲ ಇರುತ್ತದೆ. ಜುಲೈಯಲ್ಲಿ ಆಕಾಶವೇ ತೂತಾದಾಗ ಅಂಗಳದ ನಡುವೆ ಪ್ಲಾಸ್ಟಿಕ್ ಹಾಳೆ ಕಟ್ಟಿ ನೇರವಾಗಿ ಹಿಡಿದ ನೀರು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರಿಗೆ ಏನೂ ಕಡಿಮೆಯಿಲ್ಲ. ಬೇಸಿಗೆಯಲ್ಲಿ ಶುರು ಮಾಡುವವರು ಡಿಸ್ಟಿಲ್ಡ್ ವಾಟರಿನ ಕ್ಯಾನ್ ತರುವುದೇ ಒಳ್ಳೆಯದು.

ಇನ್ನು ಶುದ್ಧೀಕರಣ. ಇದರಲ್ಲಿ ಹೆಚ್ಚಿನವರು ದ್ರಾವಣಕ್ಕೆ ಬೇಕಾದ ಆಸಿಡ್ಡನ್ನು ಮೊದಲೇ ಹಾಕಿ ಕೆಡಿಸಿಕೊಳ್ಳುತ್ತಾರೆ. ಆಸಿಡ್ ಬಿದ್ದ ಮೇಲೆ ಕಬ್ಬಿಣ ಕರಗಿಯೇ ಉಳಿಯುತ್ತದೆ, ಹೊರಗೆ ಬರುವುದಿಲ್ಲ. ಪ್ಲಾಸ್ಟಿಕ್ ಬಕೆಟಿನಲ್ಲಿ ಬಿಸಿ ಮಳೆನೀರಿಗೆ ಮೈಲುತುತ್ತು ಕರಗಿಸಿ, ದಪ್ಪ ಬಟ್ಟೆಯಲ್ಲಿ ಸೋಸಿ, ಔಷಧ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಒಂದು ಸಣ್ಣ ಬಾಟಲಿ ಸುರಿದೆ. ಆಮೇಲೆ ಚಿಟಿಕೆ ಚಿಟಿಕೆಯಾಗಿ ವಾಷಿಂಗ್ ಸೋಡಾ, ನೀಲಿ ನೀರು ತುಸು ಮಬ್ಬಾಗುವ ತನಕ ಮಾತ್ರ. ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದರೆ ತಳದಲ್ಲಿ ತುಕ್ಕಿನ ಬಣ್ಣದ ಕೆಸರು. ಉಪನ್ಯಾಸಕರ ಪಟ್ಟಿಯಲ್ಲಿದ್ದ ಕಬ್ಬಿಣದ ಬಹುಪಾಲು ಅಲ್ಲಿತ್ತು. ಅಲ್ಪಸ್ವಲ್ಪ ಉಳಿದರೂ ಭಯವಿಲ್ಲ. ಆಸಿಡ್ ದ್ರಾವಣದಲ್ಲಿ ಕಬ್ಬಿಣ ತಾಮ್ರದ ಜೊತೆ ಕೂರುವುದಿಲ್ಲ, ಸುಮ್ಮನೆ ಕರಗಿಕೊಂಡಿರುತ್ತದೆ.

ಬಳಿಕ ಉಳಿದ ಕಸವನ್ನು ಹೀರಲು ಆಕ್ಟಿವೇಟೆಡ್ ಕಾರ್ಬನ್. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ತೆಂಗಿನ ಗೆರಟೆಯಿಂದಲೇ ಮಾಡಿದ್ದು. ಹಾಗಾದರೆ ಮನೆಯ ಬಚ್ಚಲೊಲೆಯ ಗೆರಟೆ ಇದ್ದಲು ಯಾಕಾಗಬಾರದು ಎಂದು ಅದನ್ನೂ ನೋಡಿದೆ. ಆಗುವುದಿಲ್ಲ. ಏನನ್ನೂ ಹೀರದೆ ಬೂದಿಯನ್ನು ಮಾತ್ರ ದ್ರಾವಣಕ್ಕೆ ಕೊಟ್ಟಿತು. ಕಾರ್ಬನ್ನಿನ ಸಣ್ಣ ಪುಡಿ ಬಟ್ಟೆಯಲ್ಲಿ ನುಸುಳಿ ಮುಂದೆ ತಾಮ್ರದ ಮೇಲೆ ಮರಳಿನ ಹಾಗೆ ಕೂರುತ್ತದೆ. ಕೊನೆಯ ಸೋಸುವಿಕೆ ಫಿಲ್ಟರ್ ಕಾಗದದಲ್ಲೇ ಆಗಲಿ, ಇಡೀ ದಿನ ಹಿಡಿದರೂ ಸರಿ.

ಇದೆಲ್ಲ ಮುಗಿದ ಮೇಲೆ ಆಸಿಡ್. ಬ್ಯಾಟರಿ ಆಸಿಡ್ (ನೀರು ಬೆರೆತ ಗಂಧಕಾಮ್ಲ) ಒಂದು ಲೀಟರಿಗೆ ಸ್ವಲ್ಪ ಮೇಲೆ ಹಾಕಿದರೆ ಎಂಟು ಲೀಟರಿನ ತೊಟ್ಟಿಯಲ್ಲಿ ಲೀಟರಿಗೆ 60 ಗ್ರಾಂ ಗಂಧಕಾಮ್ಲದ ಹತ್ತಿರ ಬರುತ್ತದೆ. ಕ್ಲೋರೈಡಿಗೆ ಹರಳುಪ್ಪು ಮುಕ್ಕಾಲು ಗ್ರಾಂ, ಆಚಾರ್ಯರ ತಕ್ಕಡಿಯಲ್ಲಿ ತೂಗಿದ್ದು. ಆನೋಡಿಗೆ ಎ.ಸಿ. ರಿಪೇರಿಯವರ ಬಳಿಯ ಹಳೆಯ ತಾಮ್ರದ ಪೈಪು. ಕಡಲ ಗಾಳಿಗೆ ಮಂಗಳೂರು, ಉಡುಪಿಯಲ್ಲಿ ಎ.ಸಿ.ಗಳು ಬೇಗ ಹಾಳಾಗುವುದರಿಂದ ಗುಜರಿಯಲ್ಲಿ ಇದಕ್ಕೆ ಕೊರತೆಯಿಲ್ಲ. ಆ ಪೈಪಿನ ತಾಮ್ರದಲ್ಲಿ ರಂಜಕದ ಸಣ್ಣ ಅಂಶವಿದೆ. ಅದರಿಂದ ಆನೋಡಿನ ಮೇಲೆ ಕಪ್ಪು ಪೊರೆ ಕಟ್ಟಿ ತಾಮ್ರ ಹದವಾಗಿ ಕರಗುತ್ತದೆ. ಆ ಕಪ್ಪನ್ನು ಉಜ್ಜಿ ತೆಗೆಯಬೇಡಿ. ಬೆಸುಗೆ ಇರುವ ತುದಿಗಳನ್ನು ಮಾತ್ರ ಕತ್ತರಿಸಿ ಎಸೆಯಿರಿ. ಮೋಟಾರ್ ವೈಂಡಿಂಗ್ ತಂತಿಯಲ್ಲಿ ತಳಕ್ಕೆ ಕೆಸರು ವಿಪರೀತ. ಕೆಸರು ಹಿಡಿಯಲು ಆನೋಡಿಗೆ ತೊಡಿಸುವ ಚೀಲಕ್ಕೆ ಬಟ್ಟೆ ಅಂಗಡಿಯ ನಾನ್‌ವೋವನ್ ಕೈಚೀಲ ಸಾಕು, ಅದು ಪಾಲಿಪ್ರೊಪಿಲೀನ್, ಆಸಿಡ್ಡಿಗೆ ಹೆದರುವುದಿಲ್ಲ. ಅಚ್ಚಿನ ಬಣ್ಣ ಇರುವ ಭಾಗವನ್ನು ಬಿಟ್ಟು ಸೋಪಿನಲ್ಲಿ ಎರಡು ಬಾರಿ ಕುದಿಸಿ.

ನನ್ನ ಹಣ ನಿಜವಾಗಿ ಹೋದದ್ದು ವಾಹಕ ಬಣ್ಣದಲ್ಲಿ, ಅಂದರೆ ಕರೆಂಟು ಹರಿಯುವಂತೆ ಎಲೆಗೆ ಬಳಿಯುವ ಬಣ್ಣದಲ್ಲಿ. ಬೆಳ್ಳಿಯ ಪುಡಿ ಬೆರೆತ ಬಣ್ಣ ಸಾವಿರಕ್ಕೂ ಮೇಲೆ ಕೊಟ್ಟು ತರಿಸಿದ್ದು ಐದಾರು ಎಲೆಗೆ ಮುಗಿಯಿತು. ವಿಗ್ರಹಗಳಿಗೆ ಬಳಿಯುವ ಬಂಗಾರದ ಬಣ್ಣದಲ್ಲಿ ಹಿತ್ತಾಳೆಯ ಪುಡಿ ಇದೆಯಲ್ಲ ಎಂದು ಅದನ್ನು ಹಚ್ಚಿ ಮಲ್ಟಿಮೀಟರ್ ಇಟ್ಟರೆ ಮುಳ್ಳು ಅಲುಗಲೇ ಇಲ್ಲ. ಆ ಪುಡಿಯ ಪ್ರತಿ ಕಣಕ್ಕೂ ಜಿಡ್ಡಿನ ಲೇಪ ಇರುತ್ತದೆ. ಕೊನೆಗೆ ಉಳಿದದ್ದು ನಯವಾದ ಗ್ರಾಫೈಟ್ ಪುಡಿ ಮತ್ತು ಬಡಗಿಗಳು ಬಳಸುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್. ತೂಕದಲ್ಲಿ ಗ್ರಾಫೈಟ್ ಹೆಚ್ಚು, ಲ್ಯಾಕರ್ ಕಡಿಮೆ, ಬಳಿಯುವಷ್ಟು ತಿನ್ನರ್. ಒಣಗಿದ ಮೇಲೆ ಮೃದುವಾದ ಬ್ರಷ್ಷಿನಿಂದ ಮೈ ಮಿರುಗುವ ತನಕ ತಿಕ್ಕಬೇಕು. ತಿಕ್ಕುವ ಮೊದಲು ಎಲೆಯ ತೊಟ್ಟಿನಿಂದ ತುದಿಗೆ ಹಲವು ಕಿಲೋಓಮ್ ಪ್ರತಿರೋಧ ತೋರಿಸುತ್ತಿದ್ದದ್ದು ತಿಕ್ಕಿದ ಮೇಲೆ ಕೆಲವು ನೂರು ಓಮ್‌ಗೆ ಇಳಿಯಿತು. ಇದೊಂದು ಕೆಲಸಕ್ಕೆ ಹತ್ತು ನಿಮಿಷ, ಆದರೆ ಬೆಳ್ಳಿಯ ಬಣ್ಣದ ಖರ್ಚು ಅಲ್ಲಿಗೆ ನಿಂತಿತು. ಮಳೆಗಾಲದಲ್ಲಿ ಲ್ಯಾಕರ್ ಬಿಳಿಚಿಕೊಂಡು ಹದಗೆಡುತ್ತದೆ. ನಾನು ಎಲೆಗಳನ್ನು 60 ವಾಟ್ ಬಲ್ಬ್ ಇರುವ ಪೆಟ್ಟಿಗೆಯಲ್ಲಿ ಒಣಗಿಸುತ್ತೇನೆ.

ಕರೆಂಟಿನ ವಿಷಯಕ್ಕೆ ಬರೋಣ. ಅಶ್ವತ್ಥದ ಸಣ್ಣ ಎಲೆ ಎರಡೂ ಬದಿ ಸೇರಿ ಸುಮಾರು 40 ಚದರ ಸೆಂಟಿಮೀಟರ್. ಚದರ ಸೆಂಟಿಮೀಟರಿಗೆ 10 ಮಿಲಿಆಂಪಿಯರ್ ಎಂದರೆ 0.4 ಆಂಪಿಯರ್. ಮೊದಲಿಗೇ ಅಷ್ಟು ಕೊಟ್ಟರೆ ತಂತಿ ತಾಗುವ ಜಾಗ ಸುಟ್ಟು ಕಪ್ಪಾಗುತ್ತದೆ. ನಾನು 0.1 ಆಂಪಿಯರಿನಲ್ಲಿ ಬಿಟ್ಟು ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಎಲೆಯ ತೊಟ್ಟಿನ ಸುತ್ತ ಸುತ್ತಿದ ತಂತಿಯ ಬುಡದಲ್ಲಿ ಮೊದಲು ಒಂದು ಗುಲಾಬಿ ಚುಕ್ಕೆ. ಅದು ನಡುನರದ ಮೇಲೆ ಹತ್ತಿ, ಅಡ್ಡನರಗಳಿಗೆ ಕವಲೊಡೆದು, ನರಗಳ ನಡುವಿನ ಕಪ್ಪನ್ನು ಅಂಚಿನಿಂದ ನುಂಗುತ್ತಾ ಹೋಗುತ್ತದೆ. ಕೊನೆಗೆ ಉಳಿಯುವುದು ಎಲೆಯ ಉದ್ದನೆಯ ಬಾಲದ ತುದಿ. ಅಲ್ಲಿಗೆ ಕೂದಲಿನಷ್ಟು ತೆಳುವಾದ ಇನ್ನೊಂದು ತಾಮ್ರದ ಎಳೆ ತಾಗಿಸಿದರೆ ಎರಡು ಗಂಟೆಯ ಕೆಲಸ ಮುಕ್ಕಾಲು ಗಂಟೆಗೆ ಮುಗಿಯುತ್ತದೆ. ಇಡೀ ಎಲೆ ಗುಲಾಬಿಯಾದ ಮೇಲೆ 0.4ಕ್ಕೆ ಏರಿಸಿ ಸುಮಾರು 14 ಗಂಟೆ. ಈ ಲೆಕ್ಕದಲ್ಲಿ ಗಂಟೆಗೆ 13 ಮೈಕ್ರಾನ್ ಕೂರುತ್ತದೆ, ಅಂದರೆ ಕೊನೆಗೆ 0.18 ಮಿಲಿಮೀಟರ್ ಆಸುಪಾಸು. ಆಂಪಿಯರ್-ಗಂಟೆಗೆ 1.18 ಗ್ರಾಂ ಎಂಬ ಲೆಕ್ಕದಂತೆ 6.6 ಗ್ರಾಂ ಬರಬೇಕು. ಆಚಾರ್ಯರ ತಕ್ಕಡಿಯಲ್ಲಿ ಆರೂಕಾಲಕ್ಕೆ ಮೇಲೆ ಬಂತು. ಬೈಕಂಪಾಡಿಯವರಿಗೆ ಫೋನ್ ಮಾಡಿ ಆ ಅಂಕಿಯನ್ನು ಎರಡು ಸಲ ಹೇಳಿದೆ.

ಅಂಚುಗಳಲ್ಲಿ ಗಂಟು ಕಟ್ಟುವುದು ಎಲ್ಲರನ್ನೂ ಕಾಡುವ ಸಮಸ್ಯೆ. ಎಲೆಯ ಸುತ್ತ ಒಂದು ಸೆಂಟಿಮೀಟರ್ ದೂರದಲ್ಲಿ ತಾಮ್ರದ ತಂತಿಯ ಬಳೆ ಮಾಡಿ ಅದನ್ನೂ ಎಲೆ ಇರುವ ಋಣ ತುದಿಗೇ (ಕ್ಯಾಥೋಡಿಗೇ) ಜೋಡಿಸಿದರೆ ಅಂಚಿಗೆ ನುಗ್ಗುವ ಹೆಚ್ಚಿನ ಕರೆಂಟನ್ನು ಅದು ಕದಿಯುತ್ತದೆ. ಅದು ತಿನ್ನುವ ಪಾಲಿಗೆ ಆಂಪಿಯರ್ ಸ್ವಲ್ಪ ಹೆಚ್ಚಿಸಿಕೊಳ್ಳಿ. ಅಕ್ವೇರಿಯಂ ಪಂಪಿನ ಗುಳ್ಳೆ ನಿಲ್ಲದಿರಲಿ.

ಹೊಳಪಿಗೆ ಕಂಪನಿಯ ಬ್ರೈಟ್ನರ್ ಕೊಳ್ಳಲು ಹೋದರೆ ಸಣ್ಣ ಬಾಟಲಿಯಲ್ಲಿ ಕೊಡುವವರಿಲ್ಲ. ಹಿಂದಿನ ಕಾಲದಲ್ಲಿ ಕಾಕಂಬಿ ಹಾಕುತ್ತಿದ್ದರು ಎಂಬ ಆಧಾರದ ಮೇಲೆ ಓಲೆಬೆಲ್ಲ ಹಾಕಿ ನೋಡಿದೆ. ಮೊದಲ ದಿನ ನಯವಾಗಿ ಕೂತಿತು. ವಾರದೊಳಗೆ ಪಟ್ಟೆ ಪಟ್ಟೆ, ಬಗ್ಗಿಸಿದರೆ ಪಟಕ್ಕನೆ ಮುರಿಯುವ ತಾಮ್ರ. ಮತ್ತೆ ಕಾರ್ಬನ್, ಮತ್ತೆ ಸೋಸುವಿಕೆ. ಕೆಲಸಕ್ಕೆ ಬಂದದ್ದು ಔಷಧ ಅಂಗಡಿಯಲ್ಲಿ ಮಲಬದ್ಧತೆಗೆ ಕೊಡುವ, ಬೇರೇನೂ ಬೆರೆಸದ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ಕ್ಲೋರೈಡ್ ಸರಿಯಿದ್ದರೆ ಅದು ತಾಮ್ರದ ಕಾಳನ್ನು ಸಣ್ಣ ಮಾಡುತ್ತದೆ. ಅದರ ಜೊತೆ ಹಾಕುವ ಇನ್ನೊಂದು ವಸ್ತುವನ್ನೂ ಎರಡರ ಪ್ರಮಾಣವನ್ನೂ ನಾನು ಹೇಳುವುದಿಲ್ಲ. ಅದಕ್ಕೆ ನನ್ನ ಒಂದು ಬೇಸಿಗೆ ಹೋಗಿದೆ.

ಮಲ್ಪೆಯಿಂದ ತಂದ ಮರುವಾಯಿ ಚಿಪ್ಪಿಗೂ ತಾಮ್ರ ಹಾಕಿದ್ದೇನೆ. ವಾರ್ನಿಷಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಆಸಿಡ್ ಒಳಹೊಕ್ಕು ಸುಣ್ಣ ಬುರಬುರನೆ ಉಕ್ಕಿ ತಾಮ್ರದ ಚರ್ಮವನ್ನೇ ಎತ್ತಿಬಿಡುತ್ತದೆ. ಮೂರು ಕೋಟ್ ಬಳಿದು, ನೀರಿನಲ್ಲಿ ರಾತ್ರಿ ಇಟ್ಟು ಪರೀಕ್ಷಿಸಿದ ಮೇಲೆಯೇ ತೊಟ್ಟಿಗೆ ಇಳಿಸಿ. ಕೆಸುವಿನ ಎಲೆ ಇನ್ನೂ ಹಟಮಾರಿ. ನೀರಿನಲ್ಲಿ ಕಲಸಿದ ಬಣ್ಣ ಅದರ ಮೇಲೆ ಮುತ್ತಾಗಿ ಉರುಳಿ ಹೋಗುತ್ತದೆ, ಲ್ಯಾಕರ್ ನಿಂತರೂ ಒಣಗಿದ ಮೇಲೆ ಹಾಳೆಯಾಗಿ ಕಳಚುತ್ತದೆ. ಅದರ ಮೇಣ ತೆಗೆಯುವ ಉಪಾಯ ಸಿಕ್ಕಿದೆ, ಸದ್ಯಕ್ಕೆ ನನ್ನಲ್ಲೇ ಇರಲಿ. ಕಬ್ಬಿಣದ ಸಾಮಾನನ್ನು ಮಾತ್ರ ಈ ದ್ರಾವಣಕ್ಕೆ ಅದ್ದಬೇಡಿ. ಕರೆಂಟು ಕೊಡುವ ಮೊದಲೇ ತಾಮ್ರ ಹತ್ತಿಕೊಂಡು, ಉಗುರಿಗೆ ಸಿಪ್ಪೆಯಾಗಿ ಬರುತ್ತದೆ. ಅದಕ್ಕೆ ಮೊದಲು ನಿಕಲ್ಲಿನ ತೆಳು ಲೇಪ ಬೇಕು.

ಮಳೆಗಾಲದಲ್ಲಿ ಕರೆಂಟು ಕಣ್ಣಾಮುಚ್ಚಾಲೆ ಆಡುತ್ತದೆ. ಅರ್ಧದಲ್ಲಿ ನಿಂತು ಮತ್ತೆ ಶುರುವಾದ ತಾಮ್ರ ಪದರ ಪದರವಾಗಿ ಏಳುವುದನ್ನು ಬೇಕಾದಷ್ಟು ನೋಡಿದ್ದೇನೆ. ಈಗ ಹಳೆಯ ಬೈಕ್ ಬ್ಯಾಟರಿಗೆ ಕರೆಂಟ್ ನಿಯಂತ್ರಿಸುವ ಇನ್ನೂರು ರೂಪಾಯಿಯ ಸಣ್ಣ ಬೋರ್ಡು ಜೋಡಿಸಿ ತೊಟ್ಟಿಯನ್ನು ಅದರ ಮೇಲೆಯೇ ಓಡಿಸುತ್ತೇನೆ, ಚಾರ್ಜರ್ ಅದರ ಪಾಡಿಗೆ ಬ್ಯಾಟರಿ ತುಂಬುತ್ತಿರುತ್ತದೆ.

ಒಟ್ಟು ಖರ್ಚು ನೆನಪಿನಿಂದ ಹೇಳುವುದಾದರೆ: ಪವರ್ ಸಪ್ಲೈ ಮೂರೂವರೆ ಸಾವಿರ, ಪೈಪು ಒಂದು ಕಿಲೋ ಎಂಟುನೂರರ ಹತ್ತಿರ, ಮೈಲುತುತ್ತು ಎರಡು ಕಿಲೋಗೆ ಆರುನೂರು, ಉಳಿದ ಚಿಲ್ಲರೆ ಸಾವಿರ. ಆರು ಸಾವಿರದೊಳಗೆ ತೊಟ್ಟಿ ನಿಂತಿತು. ಪ್ರಯೋಗಗಳಿಗೆ ಹೋದದ್ದು ಅದಕ್ಕಿಂತ ಹೆಚ್ಚು. ಬೇರೆಯವರ ಮನೆಗೆ ಹೋದ ಎಲೆಗಳಿಂದ ಅದರಲ್ಲಿ ಅರ್ಧ ವಾಪಸು ಬಂದಿದೆ. ಆಚಾರ್ಯರು ಮೊನ್ನೆ ಎಲೆಯನ್ನು ಭೂತಗನ್ನಡಿಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, "ಇಷ್ಟು ಸಣ್ಣ ನರ ಎರಕದಲ್ಲಿ ಬರುವುದಿಲ್ಲ" ಎಂದರು. ನಲವತ್ತು ವರ್ಷ ಎರಕ ಹೊಯ್ದ ಕೈ ಹೇಳಿದ ಮಾತು ಅದು.

ತೊಳೆದ ನೀರನ್ನು ದಯವಿಟ್ಟು ತೋಡಿಗೆ ಬಿಡಬೇಡಿ. ತಾಮ್ರ ಮೀನಿಗೆ ವಿಷ, ನಮ್ಮಲ್ಲಿ ಮನೆಗೊಂದು ಬಾವಿ ಬೇರೆ. ಸ್ಟೀಲ್ ವೂಲ್ ಹಾಕಿ ನೀಲಿ ಹೋಗುವ ತನಕ ಇಟ್ಟು, ಸೋಡಾ ಹಾಕಿ ಕೆಸರು ಇಳಿಸಿ, ಆ ಕೆಸರನ್ನು ಒಣಗಿಸಿ ಡಬ್ಬಿಯಲ್ಲಿ ತುಂಬಿಡುತ್ತೇನೆ. ಶುರು ಮಾಡುವವರು ಮೈಲುತುತ್ತನ್ನು ಫೆಬ್ರವರಿ, ಮಾರ್ಚಿನಲ್ಲೇ ತಂದಿಟ್ಟುಕೊಳ್ಳಿ. ಮೇ ಕೊನೆಗೆ ತೋಟದವರೆಲ್ಲ ಮದ್ದು ಬಿಡಲು ಹೊರಟಾಗ ಅಂಗಡಿಯಲ್ಲಿ ದರವೂ ಏರುತ್ತದೆ, ಹರಳೂ ಪುಡಿ ಪುಡಿಯಾದದ್ದೇ ಸಿಗುತ್ತದೆ. ದೊಡ್ಡ, ಗಾಢ ನೀಲಿಯ, ಅಂಚಿನಲ್ಲಿ ಬಿಳಿಯಾಗದ ಹರಳನ್ನೇ ಆರಿಸಿ.